ಮಕ್ಕಳ ಆಟದ ಬುಟ್ಟಿಗೆ ಯಾವ ಬಟ್ಟೆ? ಹಳೆ ಸೀರೆ, ಪಂಚೆ, ಮಲ್, ರೇಷ್ಮೆ

ಎರಡು ಕುರ್ಚಿ, ಮಧ್ಯೆ ಒಂದು ಬಟ್ಟೆ. ಸಂಜೆ ಐದಾದರೆ ನಮ್ಮ ಹಾಲ್‌ನಲ್ಲಿ ಇದು ಎದ್ದು ನಿಲ್ಲುತ್ತದೆ. ಒಂದು ದಿನ ಆಸ್ಪತ್ರೆ, ಒಂದು ದಿನ ಹುಲಿ ಗುಹೆ, ಮೊನ್ನೆ ಧರ್ಮಸ್ಥಳಕ್ಕೆ ಹೋಗುವ ಕೆಂಪು ಬಸ್ಸು. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಅವಳು ಡ್ರೈವರ್, ಅವನು ಕಂಡಕ್ಟರ್, ನಾನು ಚಿಲ್ಲರೆ ಇಲ್ಲದೆ ಹತ್ತಿದ ಪ್ಯಾಸೆಂಜರ್.

ಕಳೆದ ವರ್ಷ ಈ ಆಟಕ್ಕೆಂದೇ ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದ್ದೆ. ಆರು ಬಣ್ಣದ ಆರು ಚೌಕ. ಫೋಟೋದಲ್ಲಿ ತುಂಬಾ ಚಂದ ಕಾಣುತ್ತಿತ್ತು, ಮೇಲೆ ‘ಪ್ಲೇ ಸಿಲ್ಕ್’, ಅಂದರೆ ಆಟದ ರೇಷ್ಮೆ, ಎಂದು ದೊಡ್ಡದಾಗಿ ಬರೆದಿತ್ತು. ಬಂದ ದಿನವೇ ಮಗಳು ನೀಲಿ ಬಟ್ಟೆಯ ಮೂಲೆಯನ್ನು ಕುರ್ಚಿಗೆ ಕಟ್ಟಿದಳು. ಆ ಕಡೆ ಮೂಲೆ ಕಟ್ಟಲು ಹೋಗುವಷ್ಟರಲ್ಲಿ ಈ ಕಡೆಯದು ಸರ್ರನೆ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿತು. ನಾಲ್ಕನೇ ಸಲಕ್ಕೆ ‘ಅಮ್ಮಾ, ಇದು ನಿಲ್ಲೋದೇ ಇಲ್ಲ’ ಎಂದು ಅಳುಮುಖ ಮಾಡಿ ಅದನ್ನು ಸೋಫಾ ಹಿಂದೆ ಎಸೆದಳು. ನೋಡುತ್ತಾ ಕೂತಿದ್ದ ನಮ್ಮತ್ತೆ ಎದ್ದುಹೋಗಿ ಟ್ರಂಕಿನಿಂದ ಒಂದು ಹಳೆ ಹತ್ತಿ ಸೀರೆ ತಂದರು. ಅವರು ಬಾಗಲಕೋಟೆ ಕಡೆಯವರು. ‘ಹಿಡಿ ಬಂಗಾರ, ಇದನ್ನ ಕಟ್ಟಿ ನೋಡು’ ಅಂದರು. ಮಗಳು ಹಾಕಿದ ಆ ಅಡ್ಡಾದಿಡ್ಡಿ ಗಂಟು ಮೂರು ದಿನ ನಿಂತಿತು. ನಾಲ್ಕನೇ ದಿನ ನೆಂಟರು ಬರುತ್ತಾರೆಂದು ನಾನೇ ಬಿಚ್ಚಬೇಕಾಯಿತು.

ಆವತ್ತಿನಿಂದ ಬಟ್ಟೆ ಆರಿಸುವಾಗ ನಾನು ಮೊದಲು ನೋಡುವುದು ಒಂದೇ. ಮಗು ತಾನೇ ಹಾಕಿದ ಗಂಟು ನಿಲ್ಲುತ್ತದಾ? ಬಣ್ಣ, ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲೆ. ಗಂಟು ನಿಲ್ಲದಿದ್ದರೆ ಪ್ರತಿ ಸಲ ದೊಡ್ಡವರನ್ನು ಕರೆಯಬೇಕು, ದೊಡ್ಡವರು ಬಂದ ಮೇಲೆ ಅದು ಅವರ ಆಟ ಅಲ್ಲ, ನಮ್ಮ ಕೆಲಸ.

ಗಂಟು ಯಾಕೆ ನಿಲ್ಲುತ್ತದೆ, ಯಾಕೆ ಜಾರುತ್ತದೆ ಅಂದರೆ, ಹತ್ತಿಯ ಎಳೆಗಳು ಗಿಡ್ಡ. ಅವನ್ನು ಹುರಿಮಾಡಿ ನೂಲು ತೆಗೆಯುವುದರಿಂದ ನೂಲಿನ ಮೈಮೇಲೆಲ್ಲ ಸಣ್ಣ ನವಿರು ಎದ್ದಿರುತ್ತದೆ. ಎರಡು ಮಡಿಕೆ ಒಂದಕ್ಕೊಂದು ತಾಗಿದರೆ ಆ ನವಿರು ಹಿಡಿದುಕೊಳ್ಳುತ್ತದೆ. ರೇಷ್ಮೆ ಹಾಗಲ್ಲ. ಒಂದೇ ಗೂಡಿನಿಂದ ನೂರಾರು ಮೀಟರ್ ಉದ್ದದ ಎಳೆ ಬಿಚ್ಚಿಕೊಳ್ಳುತ್ತದೆ, ನುಣುಪೋ ನುಣುಪು. ಪಾಲಿಯೆಸ್ಟರ್ ಎಳೆಯೂ ಹಾಗೇ, ಯಂತ್ರದಿಂದ ಶಾವಿಗೆ ಒತ್ತಿದ ಹಾಗೆ ಉದ್ದಕ್ಕೆ ಬರುತ್ತದೆ. ನುಣುಪಿಗೆ ನುಣುಪು ತಾಗಿದರೆ ಜಾರದೆ ಇನ್ನೇನು ಮಾಡೀತು?

ಹಳೆ ಹತ್ತಿ ಸೀರೆ

ನನ್ನ ಮೊದಲ ಆಯ್ಕೆ ಇದೇ, ಮುಚ್ಚುಮರೆ ಇಲ್ಲ. ಕಾಸು ಖರ್ಚಿಲ್ಲ ಅನ್ನುವುದಕ್ಕಿಂತ, ಹತ್ತು ವರ್ಷ ಒಗೆದು ಒಗೆದು ಬಂದ ಆ ಮೆತ್ತಗಿನ ಹದ ಯಾವ ಹೊಸ ಬಟ್ಟೆಗೂ ಬರುವುದಿಲ್ಲ. ಬಿಡುವ ಬಣ್ಣವೆಲ್ಲ ಯಾವತ್ತೋ ಬಿಟ್ಟಾಗಿದೆ. ಗಂಜಿ ಹೋಗಿದೆ. ಹೊಸ ಬಟ್ಟೆಯ ಮೇಲೆ ಹಚ್ಚಿರುವ ರಾಸಾಯನಿಕದ ವಾಸನೆಯೂ ಇಲ್ಲ. ಅಜ್ಜಿಯ ಪೆಟ್ಟಿಗೆಯ ವಾಸನೆ ಇದೆ, ಅದು ಮಕ್ಕಳಿಗೆ ಇಷ್ಟವೇ. ಆದರೆ ಪೆಟ್ಟಿಗೆಯಲ್ಲಿ ನ್ಯಾಫ್ತಲಿನ್ ಗುಳಿಗೆ ಹಾಕಿಟ್ಟಿದ್ದರೆ ಮಾತ್ರ ಎರಡು ಮೂರು ಸಲ ಒಗೆದು ಒಳ್ಳೆ ಗಾಳಿಗೆ ಹರವಿ. ಆ ಗುಳಿಗೆ ಮಕ್ಕಳಿಗೆ ವಿಷ. ಒಂದೂ ಮಡಿಕೆಯಲ್ಲಿ ಉಳಿಯಬಾರದು.

ಕತ್ತರಿಸುವ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೆಳ ಅಂಚು, ನೆರಿಗೆ ಬರುವ ಜಾಗ, ಸೊಂಟಕ್ಕೆ ಸಿಕ್ಕಿಸುವ ಜಾಗ, ಈ ಮೂರು ಕಡೆ ಜರಡಿಯ ಹಾಗೆ ತೆಳುವಾಗಿರುತ್ತದೆ. ಸೆರಗು ಮತ್ತು ಒಳಗಿನ ಸುತ್ತು ಸಾಮಾನ್ಯವಾಗಿ ಗಟ್ಟಿ. ತೆಳುವಾದ ಕಡೆ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಜಗ್ಗಿ. ಪರ್‌ ಅಂತ ಹರಿದರೆ ಅದು ಬೊಂಬೆಗಳ ಪಾಲು.

ಐದೂವರೆ ಮೀಟರ್ ಸೀರೆಯಲ್ಲಿ ನಾನು ಮಾಡಿದ ಲೆಕ್ಕ ಹೀಗಿದೆ. ಎರಡೂಕಾಲು ಮೀಟರಿನ ಒಂದು ತುಂಡು, ಮನೆ ಕಟ್ಟಲು. ಸೀರೆಯ ಅಗಲ ಸುಮಾರು 115 ಸೆಂಟಿಮೀಟರ್ ಇರುತ್ತದೆ, ಹಾಗಾಗಿ ಅಷ್ಟೇ ಉದ್ದಕ್ಕೆ ಕತ್ತರಿಸಿದ ಎರಡು ಚೌಕ, ಹೊದೆಯಲು, ಸುತ್ತಿಕೊಳ್ಳಲು, ಪಾತ್ರೆ ಅಂಗಡಿ ಹಾಸಲು. ಉಳಿಯುವುದು ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಅದು ಬೊಂಬೆಯ ಹೊದಿಕೆ, ತೊಟ್ಟಿಲ ಹಾಸು, ಗಾಯದ ಬ್ಯಾಂಡೇಜು. ಸೀರೆಗೆ ಫಾಲ್ ಹಾಕುವವರ ಹತ್ತಿರ ಕೊಟ್ಟರೆ ಕತ್ತರಿಸಿದ ಅಂಚಿಗೆಲ್ಲ ಜಿಗ್‌ಜಾಗ್ ಹಾಕಿಕೊಡುತ್ತಾರೆ. ಇದನ್ನು ತಪ್ಪಿಸಬೇಡಿ. ಅಂಚು ಬಿಚ್ಚಿ ದಾರ ಬರುತ್ತಿದ್ದರೆ ನೋಡಲು ಚಂದ ಇರಲ್ಲ ಅನ್ನುವುದಷ್ಟೇ ಅಲ್ಲ, ಎಳೆಮಗು ಇರುವ ಮನೆಯಲ್ಲಿ ಅಂಥ ಒಂದೇ ಒಂದು ದಾರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡರೆ ರಕ್ತ ಓಡಾಟವೇ ನಿಂತುಹೋಗಬಹುದು.

ಇಳಕಲ್ ಸೀರೆಯ ವಿಷಯ ಬೇರೆ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕ್ ಅನ್ನುವ ಕೃತಕ ರೇಷ್ಮೆಯದೋ ಇರುತ್ತದೆ, ಎರಡರ ಹಾಸುನೂಲುಗಳನ್ನೂ, ಅಂದರೆ ಉದ್ದದ ನೂಲುಗಳನ್ನೂ, ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಅತ್ತೆಯ ಹಳೆ ಇಳಕಲ್‌ನ ಮೈ ಮನೆ ಕಟ್ಟಲು ಹೋಯಿತು, ಆ ಕೆಂಪು ಸೆರಗು ಮಾತ್ರ ರಾಜನ ಹೆಗಲಿಗೇ ಮೀಸಲು. ಸ್ವಲ್ಪ ಭಾರ ಇರುವುದರಿಂದ ಅದನ್ನು ಹೊದ್ದರೆ ಮಗನ ನಡಿಗೆಯೇ ಬದಲಾಗುತ್ತದೆ, ನಿಧಾನಕ್ಕೆ, ಎದೆ ಮುಂದೆ ಮಾಡಿ. ಹಳೆ ಜರಿ ಸೀರೆ ಮಾತ್ರ ಬೇಡ. ಮುರಿದ ಜರಿ ಚುಚ್ಚುತ್ತದೆ, ಹಳೆ ರೇಷ್ಮೆ ಮಡಿಕೆ ಬಿದ್ದ ಗೆರೆಯಲ್ಲೇ ಸೀಳುತ್ತದೆ.

ಇನ್ನೊಂದು ಮಾತು. ಯಾರ ಸೀರೆ ಅಂತ ಕೇಳದೆ ಕತ್ತರಿ ಹಾಕಬೇಡಿ. ನಾನು ಒಂದು ಸಲ ಹಾಕಿದೆ. ಅದು ಅಮ್ಮನಿಗೆ ಅವರಣ್ಣ ಗೌರಿ ಹಬ್ಬದ ಬಾಗಿನಕ್ಕೆ ಕೊಟ್ಟದ್ದಂತೆ. ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ.

ಪಂಚೆ, ಲುಂಗಿ

ಹಳೆ ಸೀರೆ ಸಿಗದಿದ್ದರೆ ನೇರ ಪಂಚೆಗೆ ಬನ್ನಿ. ನಾಲ್ಕು ಮೊಳದ ಬಿಳಿ ಪಂಚೆ ಎರಡು ಮೀಟರಿನ ಹತ್ತಿರ ಬರುತ್ತದೆ, ಎಂಟು ಮೊಳದ್ದು ಅದರ ಎರಡರಷ್ಟು. ಎರಡು ಕಡೆ ಅಂಚು ನೇಯ್ದೇ ಇರುತ್ತದೆ, ಹೊಲಿಗೆ ಕೆಲಸ ಕಡಿಮೆ. ಹೊಸದಾದರೆ ಗಂಜಿ ಇರುತ್ತದೆ, ಒಂದು ರಾತ್ರಿ ನೀರಲ್ಲಿ ನೆನೆಸಿ ಮೂರ್ನಾಲ್ಕು ಸಲ ಒಗೆದರೆ ಹದಕ್ಕೆ ಬರುತ್ತದೆ. ಬಿಳಿ ಬಣ್ಣ ಬೇಜಾರು ಅನಿಸಬಹುದು, ಆದರೆ ಬಿಳಿ ಬಟ್ಟೆ ಒಂದು ದಿನ ಹಿಮ, ಒಂದು ದಿನ ದೆವ್ವ, ಒಂದು ದಿನ ಡಾಕ್ಟರ ಕೋಟು. ಹಿಂದೆ ಟಾರ್ಚ್ ಹಿಡಿದರೆ ನೆರಳಿನ ಆಟದ ಪರದೆ. ಬೇರೆ ಯಾವ ಬಣ್ಣವೂ ಇದನ್ನು ಮಾಡಿಕೊಡುವುದಿಲ್ಲ.

ನಾನು ಸಾಗರದ ಕಡೆಯವಳು. ಯಕ್ಷಗಾನದ ಒಡ್ಡೋಲಗದಲ್ಲಿ, ಅಂದರೆ ವೇಷ ಮೊದಲು ರಂಗಕ್ಕೆ ಬರುವಾಗ, ಇಬ್ಬರು ತೆರೆ ಹಿಡಿದು ನಿಲ್ಲುತ್ತಾರಲ್ಲ, ವೇಷ ಹಿಂದೆ ಕುಣಿಯುತ್ತಿರುತ್ತದೆ, ನಮಗೆ ಕಾಣುವುದು ತೆರೆಯ ಮೇಲಿನ ಕಿರೀಟದ ತುದಿ ಮತ್ತು ಕೆಳಗಿನ ಗೆಜ್ಜೆ ಕಾಲು ಅಷ್ಟೇ. ಅದನ್ನೊಮ್ಮೆ ಊರಲ್ಲಿ ನೋಡಿ ಬಂದ ಮೇಲೆ ನಮ್ಮ ಮನೆ ಪಂಚೆಗೆ ಬಿಡುವೇ ಇಲ್ಲ. ಮಗಳು ಮತ್ತು ಪಕ್ಕದ ಮನೆ ಹುಡುಗಿ ಎರಡು ತುದಿ ಹಿಡಿಯುತ್ತಾರೆ, ಮಗ ಹಿಂದೆ ನಿಂತು ತಲೆ ಮೇಲೆ ಜರಡಿ ಇಟ್ಟುಕೊಂಡು ಕುಣಿಯುತ್ತಾನೆ, ಅವನು ಗಿಡ್ಡ ಇರುವುದರಿಂದ ಜರಡಿಯೂ ಕಾಣುವುದಿಲ್ಲ.

ಲುಂಗಿಯಲ್ಲಿ ಒಂದು ಲಾಭ ಇದೆ. ಸುತ್ತ ಹೊಲಿದ ಲುಂಗಿಯ ಎರಡೂ ಕಡೆ ಬಾಯಿ ತೆರೆದಿರುವುದರಿಂದ ಅದು ಸುರಂಗ. ಬಗ್ಗಿ ಒಳಗೆ ನುಗ್ಗಿ ಆ ಕಡೆ ಹೊರಬರುವ ಆಟ ಮೂರು ವರ್ಷದವನಿಗೆ ಮುಗಿಯುವುದೇ ಇಲ್ಲ. ಹತ್ತಿಯದನ್ನೇ ನೋಡಿ ಕೊಳ್ಳಿ, ಪಾಲಿಯೆಸ್ಟರ್ ಮಿಶ್ರಣದ್ದು ಈಗ ತುಂಬಾ ಬರುತ್ತದೆ.

ಕಟ್ ಪೀಸ್ ಅಂಗಡಿಯ ಮಲ್ ಮತ್ತು ರುಬಿಯಾ

ಕೊಂಡೇ ತರುತ್ತೇನೆ ಅನ್ನುವವರಿಗೆ ನನ್ನ ಸಲಹೆ ಮಲ್ ಬಟ್ಟೆ. ಚಿಕ್ಕಪೇಟೆಯಂಥ ಕಡೆ ಮೀಟರ್ ಲೆಕ್ಕದಲ್ಲಿ ಬಣ್ಣ ಬಣ್ಣದ್ದು ಸಿಗುತ್ತದೆ. ಹತ್ತಿಯೇ, ಹಾಗಾಗಿ ಗಂಟು ನಿಲ್ಲುತ್ತದೆ. ತೆಳು, ಹಾಗಾಗಿ ಗಾಳಿಗೆ ತೇಲುತ್ತದೆ ಕೂಡ. ಎಲ್ಲಕ್ಕಿಂತ ನನಗೆ ಇಷ್ಟ ಅದರೊಳಗಿನ ಬೆಳಕು. ಹಳದಿ ಮಲ್ ಹೊದಿಸಿದ ಗುಡಾರದೊಳಗೆ ಸಂಜೆ ಬಿಸಿಲು ಬಿದ್ದಾಗ ನೀವೂ ಒಮ್ಮೆ ತಲೆ ಹಾಕಿ ನೋಡಿ, ಮಕ್ಕಳ ಮುಖ, ಗೋಡೆ, ಸ್ಟೀಲ್ ಲೋಟ ಎಲ್ಲ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಕತ್ತಲೆಗೆ ಹೆದರುವ ಮಗುವಿಗೆ ಬೆಡ್‌ಶೀಟಿನ ಮನೆಗಿಂತ ಇದು ಎಷ್ಟೋ ಮೇಲು.

ಬ್ಲೌಸಿಗೆ ಹಾಕುವ ರುಬಿಯಾ ಬಟ್ಟೆಯೂ ಆಗುತ್ತದೆ. ಸ್ವಲ್ಪ ಬಿಗಿ ನೇಯ್ಗೆ, ಜಾಸ್ತಿ ಬಾಳಿಕೆ, ಮ್ಯಾಚಿಂಗ್ ಸೆಂಟರಿನಲ್ಲಿ ನೂರು ಬಣ್ಣ ಇರುತ್ತವೆ. ಪನ್ನ ಅಂದರೆ ಅಗಲ ಮಾತ್ರ ಕಡಿಮೆ, ಮನೆ ಕಟ್ಟಲು ಸಾಲದು, ಪೇಟ ಸುತ್ತಲು ಸಾಕು.

ಕೊಳ್ಳುವಾಗ ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಮುದುರಿ ಬಿಡಿ. ಸುಕ್ಕು ಉಳಿದರೆ ಹತ್ತಿ, ಪಟ್ಟನೆ ಬಿಚ್ಚಿ ಮೊದಲಿನಂತಾದರೆ ಅದರಲ್ಲಿ ಪಾಲಿಯೆಸ್ಟರ್ ಇರುವ ಸಾಧ್ಯತೆ ಜಾಸ್ತಿ. ಆಮೇಲೆ ಎರಡು ಮಡಿಕೆ ಮಾಡಿ ಬಾಯಿಗೆ ಹಿಡಿದು ಉಸಿರಾಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮಕ್ಕಳು ತಲೆ ಮೇಲೆ ಎಳೆದುಕೊಳ್ಳುವ ಬಟ್ಟೆ ಇದು, ಉಸಿರು ಸಲೀಸಾಗಿ ಆಡಬೇಕು. ಮನೆಗೆ ತಂದ ಮೇಲೆ ಒದ್ದೆ ಬಿಳಿ ಕರ್ಚೀಫಿನಿಂದ ಗಟ್ಟಿಯಾಗಿ ಒರೆಸಿ. ಕರ್ಚೀಫಿಗೆ ಬಣ್ಣ ಬಂದರೆ ಒಗೆಯುವ ತನಕ ಕೊಡಬೇಡಿ, ಏಕೆಂದರೆ ಮಕ್ಕಳು ಬಟ್ಟೆಯನ್ನು ಬಾಯಿಗೆ ಹಾಕಿಯೇ ಹಾಕುತ್ತಾರೆ. ಕೆಂಪು ಮತ್ತು ಕಡುನೀಲಿ ಇದರಲ್ಲಿ ಮುಂದು.

ಬಿಳಿ ಮಲ್ ತಂದು ಮನೆಯಲ್ಲೇ ಬಣ್ಣ ಹಾಕುವ ಹುಮ್ಮಸ್ಸಿದ್ದರೆ ಅರಿಶಿನದಿಂದ ಶುರು ಮಾಡಿ. ಬಿಸಿಲಿಗೆ ಬೇಗ ಮಾಸುತ್ತದೆ ನಿಜ. ಆದರೆ ಅರಿಶಿನದ ಬಟ್ಟೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ನಮ್ಮ ಮನೆಯಲ್ಲಿ ಬಟ್ಟೆಗಿಂತ ಆ ಮ್ಯಾಜಿಕ್ಕೇ ಜಾಸ್ತಿ ದಿನ ಓಡಿತು. ಬೀಟ್‌ರೂಟ್ ಬಣ್ಣ ಮಾತ್ರ ನಿಲ್ಲುವುದಿಲ್ಲ, ಸುಮ್ನೆ ಸಾಂಬಾರ್ ಮಾಡಿ.

ರೇಷ್ಮೆ: ಬೇಕಾ, ಬೇಡವಾ?

ಪ್ಲೇ ಸಿಲ್ಕ್ ಅನ್ನುವುದು ವಾಲ್ಡಾರ್ಫ್ ಶಾಲೆಗಳ ಕಡೆಯಿಂದ ಬಂದ ಅಭ್ಯಾಸ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಿಗರೇಟ್ ಕಾರ್ಖಾನೆಯೊಂದರ ಕೆಲಸಗಾರರ ಮಕ್ಕಳಿಗಾಗಿ ರುಡಾಲ್ಫ್ ಸ್ಟೈನರ್ ಎಂಬ ಚಿಂತಕ ಶುರು ಮಾಡಿದ್ದು ಇಂಥ ಮೊದಲ ಶಾಲೆ. ಕಾರ್ಖಾನೆಯ ಹೆಸರೇ ಶಾಲೆಗೂ ಬಂತು. ಆಟಿಕೆ ಎಷ್ಟು ಸರಳ ಇದ್ದರೆ ಮಗುವಿನ ಕಲ್ಪನೆಗೆ ಅಷ್ಟು ಜಾಗ ಅನ್ನುವುದು ಅವರ ವಾದ. ಅದಕ್ಕೇ ಮರದ ತುಂಡು, ಉಣ್ಣೆ, ಬಣ್ಣದ ರೇಷ್ಮೆ ಚೌಕ. ವಾದ ಒಳ್ಳೆಯದೇ, ನಮ್ಮ ಅಜ್ಜಿಯರು ವಾದ ಮಾಡದೆ ಸೆರಗು ಕೊಟ್ಟರು ಅಷ್ಟೇ.

ರೇಷ್ಮೆ ಮಾಡುವುದನ್ನು ಹತ್ತಿ ಮಾಡಲಾರದು, ಅದನ್ನು ಒಪ್ಪಬೇಕು. ಈ ಬಟ್ಟೆಗಳ ತೂಕವನ್ನು ಮಾಮಿ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಒಂದು ಮಾಮಿ ಅಂದರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. ಸಾಮಾನ್ಯವಾಗಿ ಬರುವುದು 5 ಮಾಮಿಯದ್ದು, 90 ಸೆಂಟಿಮೀಟರ್ ಚೌಕ. ಲೆಕ್ಕ ಹಾಕಿದರೆ ಇಡೀ ಬಟ್ಟೆ 17–18 ಗ್ರಾಂ, ಅಂದರೆ ನಾಲ್ಕು ಚಿಕ್ಕ ಚಮಚ ಸಕ್ಕರೆಯಷ್ಟು. ಮೇಲಕ್ಕೆಸೆದರೆ ಇಳಿಯಲು ಮನಸ್ಸೇ ಇಲ್ಲದ ಹಾಗೆ ಇಳಿಯುತ್ತದೆ. ಮುದುರಿದರೆ ಮಗುವಿನ ಮುಷ್ಟಿಯೊಳಗೆ ಪೂರ್ತಿ ಹಿಡಿಸಿ, ಮುಷ್ಟಿ ಬಿಚ್ಚಿದಾಗ ಹೂವಿನ ಹಾಗೆ ಅರಳುತ್ತದೆ. ಕುಣಿಯಲು, ಓಡಲು, ನದಿ ಮಾಡಲು ಇದರ ಸಮಕ್ಕೆ ಬೇರೆ ಇಲ್ಲ. ಮನೆ ಕಟ್ಟಲು ಮಾತ್ರ ಇದರ ತಂಟೆ ಬೇಡ.

ಹಾಗಾಗಿ ಆರರ ಸೆಟ್ ಬೇಡ. ಬೇಕೆನಿಸಿದರೆ ಒಂದೇ ಒಂದು ತನ್ನಿ, ನೀಲಿಯದ್ದು. ಒಗೆಯುವಾಗ ತಣ್ಣೀರು, ಅಂಟುವಾಳಕಾಯಿ ನೊರೆ ಅಥವಾ ಸೌಮ್ಯ ಶಾಂಪೂ, ಹಿಂಡದೆ ನೆರಳಲ್ಲಿ ಒಣಗಿಸಬೇಕು. ದಿನಾ ಜ್ಯೂಸ್ ಚೆಲ್ಲುವ ಮೂರು ವರ್ಷದವನಿರುವ ಮನೆಯಲ್ಲಿ ಇದೆಲ್ಲ ಎಷ್ಟು ದಿನ ನಡೆದೀತು, ಹೇಳಿ.

ನನ್ನ ಆರು ಚೌಕದ ಕತೆಗೆ ಬರುತ್ತೇನೆ. ಅನುಮಾನ ಬಂದು ಅಂಚಿನಿಂದ ಒಂದು ಎಳೆ ಕಿತ್ತು, ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದು ಬಣ್ಣದ ಮೆತ್ತನೆ ಬೂದಿ. ವಿಸ್ಕೋಸ್, ಅಂದರೆ ರೇಯಾನ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ. ನನ್ನದು ಕರಗಿ ಕುಗ್ಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಅಪ್ಪಟ ಪಾಲಿಯೆಸ್ಟರ್. ಮಾರಿದವರಿಗೆ ಬರೆದರೆ ‘ಸಿಲ್ಕ್ ಅನ್ನುವುದು ಬಣ್ಣದ ಫಿನಿಶಿಂಗ್ ಮೇಡಂ’ ಎಂಬ ಉತ್ತರ ಬಂತು! ಹಾಗಾಗಿ ರೇಷ್ಮೆಯನ್ನು ಕೊಳ್ಳುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಶುರು ಮಾಡಿಸಿದ ಗುರುತು ಅದು. ಹೌದು, ಬೆಂಗಳೂರಿನವರೆಲ್ಲ ಸಿಗ್ನಲ್‌ನಲ್ಲಿ ಕೂತು ಶಾಪ ಹಾಕುವ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಅದೇ ಸಿಲ್ಕ್ ಬೋರ್ಡ್.

ಜಾರ್ಜೆಟ್, ನೆಟ್, ಪಾಲಿಯೆಸ್ಟರ್ ದುಪಟ್ಟಾ

ಮನೆಯಲ್ಲಿ ಹಳೆಯವು ರಾಶಿ ಇರುತ್ತವೆ, ಕೊಡಲು ಕೈ ಬರುತ್ತದೆ. ಒಗೆದು ಹಾಕಿದರೆ ಗಂಟೆಯಲ್ಲಿ ಒಣಗುತ್ತದೆ. ಕರಾವಳಿಯಲ್ಲೋ ಮಲೆನಾಡಲ್ಲೋ ಮಳೆಗಾಲದಲ್ಲಿ ಹತ್ತಿ ಮೂರು ದಿನ ಒಣಗದೆ ಮುಗ್ಗಲು ಹಿಡಿಯುವಾಗ ಇದು ದೊಡ್ಡ ಗುಣವೇ. ಮದುಮಗಳ ಆಟಕ್ಕೆ, ಚಿಟ್ಟೆ ರೆಕ್ಕೆಗೆ ಒಂದೆರಡು ಇರಲಿ. ಆದರೆ ಮೈಗೆ ಸೆಕೆ, ಒಣಹವೆಯಲ್ಲಿ ಚಟಚಟ ಕರೆಂಟು ಹೊಡೆಯುತ್ತದೆ, ಗಂಟು ನಿಲ್ಲುವುದಿಲ್ಲ. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ನನಗೆ ಅದೊಂದೇ ಕಾರಣ ಸಾಕು. ಮಣಿ, ಚಮ್ಕಿ, ಕನ್ನಡಿ ಹೊಲಿದದ್ದು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೇಡವೇ ಬೇಡ. ಕಿತ್ತು ನುಂಗುತ್ತಾರೆ.

ಬೆಡ್‌ಶೀಟ್, ಕೌದಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೌದಿ ನೆಲಕ್ಕೆ ಹಾಸಲು ಚೆನ್ನ, ಹಳೆ ಸೀರೆಗಳನ್ನೇ ಪದರ ಪದರ ಹೊಲಿದದ್ದಲ್ವಾ, ಅದರ ಒಂದೊಂದು ತೇಪೆಯೂ ಒಂದೊಂದು ಊರು, ಹೊಲ, ಕೆರೆ ಆಗುತ್ತದೆ. ಆಟದ ಮನೆಯ ಚಾವಣಿಗೆ ಹಾಕಿದರೆ ಭಾರಕ್ಕೆ ಕುರ್ಚಿಯೇ ಉರುಳುತ್ತದೆ.

ಕೊರಳು, ಗ್ರಿಲ್, ದೀಪ

ಯಾವ ಬಟ್ಟೆ ಆರಿಸಿದರೂ ಇದು ಬದಲಾಗುವುದಿಲ್ಲ. ಕೊರಳಿಗೆ ಗಂಟು ಹಾಕಬಾರದು. ಸೂಪರ್‌ಮ್ಯಾನ್ ಆಗಲಿ, ರಾಣಿ ಆಗಲಿ, ಹೆಗಲ ಹೊದಿಕೆಗೆ ಸಣ್ಣ ವೆಲ್ಕ್ರೋ ಹೊಲಿಸಿ, ಎಳೆದರೆ ತಾನೇ ಬಿಟ್ಟುಕೊಳ್ಳುವ ಹಾಗೆ. ಪಿನ್ನು ಬೇಡ. ಜಾರುಬಂಡಿ, ಸೈಕಲ್, ಉಯ್ಯಾಲೆ ಹತ್ತುವ ಮುಂಚೆ ಹೊದಿಕೆ ತೆಗೆಯಲೇಬೇಕು. ಇದನ್ನು ನಮ್ಮ ಮನೆಯಲ್ಲಿ ‘ರಾಜರು ಜಾರುಬಂಡಿ ಆಡುವಾಗ ಉಡುಪು ಕಳಚಿಡುತ್ತಾರೆ’ ಎಂದು ಕಾನೂನು ಮಾಡಿದ್ದೇವೆ.

ಕಿಟಕಿ ಗ್ರಿಲ್ಲಿಗೆ, ಬಾಗಿಲ ಚಿಲಕಕ್ಕೆ, ಫ್ಯಾನಿಗೆ ಬಟ್ಟೆ ಕಟ್ಟಲು ಬಿಡಬೇಡಿ. ಎತ್ತರದಿಂದ ಇಳಿಬಿದ್ದ ಬಟ್ಟೆ ಕುಣಿಕೆಯಾಗಲು ಹೊತ್ತು ಬೇಕಿಲ್ಲ. ಸೀರೆಯಲ್ಲಿ ಕಟ್ಟಿದ ಜೋಲಿಯಲ್ಲಿ ದೊಡ್ಡ ಮಕ್ಕಳು ಒಬ್ಬರೇ ತಿರುಗುತ್ತಾ ಆಡುವಾಗ ಬಟ್ಟೆ ಹುರಿಯಾಗಿ ಕೊರಳಿಗೆ ಬಿಗಿದು ಜೀವ ಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕುರ್ಚಿ ಎತ್ತರದವರೆಗೆ ಮಾತ್ರ ಕಟ್ಟಬೇಕು, ಅದಕ್ಕಿಂತ ಮೇಲೆ ಬೇಡ. ಸೆರಗಿನ ಕುಚ್ಚು ಕತ್ತರಿಸಿ ಹಾಕಿ. ಒಲೆ ಉರಿಯುವಾಗ ಅಡುಗೆಮನೆಗೆ, ದೀಪ ಹಚ್ಚಿದಾಗ ದೇವರ ಮನೆಗೆ ಯಾವ ವೇಷಕ್ಕೂ ಪ್ರವೇಶ ಇಲ್ಲ. ಒಂದು ವರ್ಷದೊಳಗಿನ ಮಗು ಮಲಗಿದ ಕಡೆ ಆಟದ ಬಟ್ಟೆ ಇಡಬೇಡಿ.

ಆಟಿಕೆ ಎಂದೇ ಮಾರುವ ಸೆಟ್ ಕೊಳ್ಳುವವರು ಐಎಸ್‌ಐ ಗುರುತು ಕೇಳಬಹುದು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಇದು ಕಡ್ಡಾಯ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ.

ಬಣ್ಣ, ಎಣಿಕೆ, ಕ್ಲಿಪ್ಪು

ಕಾರ್ಟೂನ್ ಚಿತ್ರದ ಬಟ್ಟೆ ಆ ಕಾರ್ಟೂನಿನದ್ದೇ ಆಗಿ ಉಳಿಯುತ್ತದೆ. ಒಂದೇ ಬಣ್ಣದ ನೀಲಿ ಬೆಳಿಗ್ಗೆ ಶರಾವತಿ, ಸಂಜೆ ಕೃಷ್ಣನ ಮೈ. ಎಲೆ, ಹೂವಿನ ಅಚ್ಚು ಇದ್ದರೆ ಪರವಾಗಿಲ್ಲ, ಕಾಡಿಗೆ ಬೇಕಾಗುತ್ತದೆ. ಶುರುವಿಗೆ ನಾಲ್ಕು ಬಟ್ಟೆ ಸಾಕು. ಒಂದು ದೊಡ್ಡದು, ಎರಡು ಚೌಕ, ಒಂದು ಚಿಕ್ಕದು. ನಾನು ಹನ್ನೊಂದು ಕೊಟ್ಟು ನೋಡಿದ್ದೇನೆ, ಅವತ್ತು ಆಟ ಆಡಲಿಲ್ಲ, ‘ಅದು ನಂದು’ ಎಂಬ ಜಗಳ ಮಾತ್ರ ಆಡಿದರು. ಮಡಚಿ ಇಡುವ ಗೋಜಿಗೂ ಹೋಗಬೇಡಿ, ನೆಲದ ಮೇಲೆ ಒಂದು ಬೆತ್ತದ ಬುಟ್ಟಿ ಇಟ್ಟು ಅದರಲ್ಲಿ ತುರುಕಲು ಹೇಳಿ. ತಾವೇ ತೆಗೆದು, ತಾವೇ ತುಂಬುತ್ತಾರೆ.

ಜೊತೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಕೊಡಿ, ಗಂಟು ಹಾಕಲು ಇನ್ನೂ ಬರದ ಚಿಕ್ಕವರಿಗೆ ಅದೇ ಆಸರೆ. ಮರದ್ದಾದರೆ ಒಳ್ಳೆಯದು, ಬಿಸಿಲಿಗೆ ಸೊರಗಿದ ಪ್ಲಾಸ್ಟಿಕ್ಕಿನದು ಮುರಿದು ಸ್ಪ್ರಿಂಗ್ ಹಾರುತ್ತದೆ. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ನಾನು ಎಂಟು ಕೊಟ್ಟಿದ್ದೆ, ಈಗ ಐದಿವೆ. ಉಳಿದ ಮೂರು ಬಸ್ ಟಿಕೆಟ್ ಅಂತೆ, ಕಂಡಕ್ಟರ್ ಎಲ್ಲಿಟ್ಟಿದ್ದಾರೋ ಹೇಳುತ್ತಿಲ್ಲ.